ಎಂಬಿಎ ಸಂದರ್ಶನಕ್ಕೆ ತಯಾರಿ: ಕೋಲಾರದ ಅಭ್ಯರ್ಥಿಗಳಿಗೆ ಒಂದು ಮಾರ್ಗದರ್ಶಿ

ಐಐಎಂಗಳ (ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳ) ಎಂಬಿಎ ಪ್ರವೇಶಕ್ಕಿರುವ ಕ್ಯಾಟ್ ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ನಡೆಯುತ್ತದೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಫಲಿತಾಂಶ ಬರುತ್ತದೆ, ಅದರ ಬೆನ್ನಿಗೇ ಕಾಲ್ ಲೆಟರ್‌ಗಳು ಬರುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಂದರ್ಶನಗಳ ಕಾಲ. ಕಾಲ್ ಬಂದಮೇಲೆ ನೋಡೋಣ ಎಂದು ಕೂತರೆ ಕೈಯಲ್ಲಿ ಉಳಿಯುವುದು ಮೂರೋ ನಾಲ್ಕೋ ವಾರ. ಅದರಲ್ಲೂ ಒಂದು ವಾರ ತಾಲ್ಲೂಕು ಕಚೇರಿಗೆ ಅಲೆಯುವುದರಲ್ಲೇ ಹೋಗುತ್ತದೆ. ಪರೀಕ್ಷೆ ಮುಗಿದ ಮರುವಾರವೇ ತಯಾರಿ ಶುರುಮಾಡಿ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಿರಲಿ. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ರ‍್ಯಾಂಕ್ ಮೇಲೆ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಸಿಗುವ ಎಂಬಿಎ ಸೀಟಿಗೆ ಸಂದರ್ಶನ ಇಲ್ಲ. ಸಂದರ್ಶನ ಇರುವುದು ಐಐಎಂಗಳಿಗೆ, ಎಕ್ಸ್‌ಎಲ್‌ಆರ್‌ಐನಂಥ ಸಂಸ್ಥೆಗಳಿಗೆ ಮತ್ತು ಕ್ಯಾಟ್, ಮ್ಯಾಟ್, ಸಿಮ್ಯಾಟ್, ಕೆಮ್ಯಾಟ್ ಅಂಕಗಳ ಮೇಲೆ ಸೀಟು ಕೊಡುವ ಅನೇಕ ಖಾಸಗಿ ಕಾಲೇಜುಗಳಿಗೆ. ಹೊಸ ಐಐಎಂಗಳಲ್ಲಿ ಹಲವು ಸೇರಿ ಒಂದೇ ಸಾಮಾನ್ಯ ಸಂದರ್ಶನ ನಡೆಸುತ್ತವೆ. ಹಾಗಾಗಿ ಆ ಒಂದು ದಿನ ಎಡವಿದರೆ ನಾಲ್ಕಾರು ಕಡೆ ಒಟ್ಟಿಗೆ ಪೆಟ್ಟು ಬೀಳುತ್ತದೆ. ಕೆಲವು ಸಂಸ್ಥೆಗಳು ಸಂದರ್ಶನಕ್ಕೆ ಮೊದಲು ಪ್ರಬಂಧ ಬರೆಸುತ್ತವೆ, ಕೆಲವು ಗುಂಪು ಚರ್ಚೆ ಇಡುತ್ತವೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಪ್ರತಿ ಸಂಸ್ಥೆಯೂ ತನ್ನ ಪ್ರವೇಶ ನೀತಿಯಲ್ಲಿ ಪ್ರಕಟಿಸುತ್ತದೆ. ಅದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಈ ವರ್ಷದ ನೀತಿಯನ್ನೇ ತೆಗೆದು ಓದಿ.

ಮೊದಲ ಕೆಲಸ ಕಾಗದಪತ್ರ

ಓದು ಆಮೇಲೂ ಆಗುತ್ತದೆ, ಕಾಗದ ಆಗುವುದಿಲ್ಲ. ನಮ್ಮ ಕಡೆಯ ಅಭ್ಯರ್ಥಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಜಾತಿ ಪ್ರಮಾಣಪತ್ರದಲ್ಲಿ. ನಾಡಕಚೇರಿಯಲ್ಲಿ ಸಿಗುವ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಮೀಸಲಾತಿಗೆ ಮಾತ್ರ. ಐಐಎಂ ಕೇಳುವುದು ಕೇಂದ್ರದ ಒಬಿಸಿ ಪಟ್ಟಿಯಲ್ಲಿರುವ ಜಾತಿಗೆ, ಕೇಂದ್ರದ ನಮೂನೆಯಲ್ಲಿ ಕೊಟ್ಟ, ಕೆನೆಪದರಕ್ಕೆ (ಮೀಸಲಾತಿ ಸಿಗದ ಸ್ಥಿತಿವಂತರ ವರ್ಗಕ್ಕೆ) ಸೇರಿಲ್ಲ ಎಂಬ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ನಿಮ್ಮ ಜಾತಿಯ ಹೆಸರು ಅಲ್ಲಿ ಯಾವ ಕಾಗುಣಿತದಲ್ಲಿ ಇದೆಯೋ ಅದೇ ಕಾಗುಣಿತ ಪ್ರಮಾಣಪತ್ರದಲ್ಲೂ ಬರಬೇಕು. ಸಂಸ್ಥೆ ಹೇಳಿದ ದಿನಾಂಕದ ನಂತರ ಪಡೆದ ಪ್ರಮಾಣಪತ್ರವೇ ಬೇಕು, ಹಳೆಯದು ನಡೆಯುವುದಿಲ್ಲ. ಸಂಸ್ಥೆಯ ಜಾಲತಾಣದಿಂದ ನಮೂನೆಯನ್ನು ಪ್ರಿಂಟ್ ತೆಗೆದುಕೊಂಡು ತಾಲ್ಲೂಕು ಕಚೇರಿಗೆ ಹೋಗಿ, ಕೇಂದ್ರದ ನಮೂನೆ ಬೇಕು ಎಂದು ಬಿಡಿಸಿ ಹೇಳಿ. ಪರಿಶಿಷ್ಟ ಜಾತಿ, ಪಂಗಡದವರೂ ನಮೂನೆಯನ್ನು ಹೋಲಿಸಿ ನೋಡಿಕೊಳ್ಳಿ. ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗದ) ಪ್ರಮಾಣಪತ್ರ ಆಯಾ ಆರ್ಥಿಕ ವರ್ಷಕ್ಕಷ್ಟೇ ಲೆಕ್ಕ.

ಎರಡನೆಯ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪದವಿಯಲ್ಲಿ ತಂದೆಯ ಪೂರ್ತಿ ಹೆಸರು. ಹೀಗಿದ್ದರೆ ಇಬ್ಬರೂ ಒಬ್ಬರೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ಫೈಲಿನಲ್ಲಿಡಿ. ಪದವಿಯಲ್ಲಿ ಸಿಜಿಪಿಎ ಇದ್ದವರು ಶೇಕಡಾವಾರು ಪರಿವರ್ತನೆಯ ಸೂತ್ರವನ್ನು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆಯಿರಿ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಾಲೇಜಿನವರಿಗೆ ಕಚೇರಿ ಟಮಕದಲ್ಲೇ ಇರುವುದರಿಂದ ಇದು ಒಂದು ದಿನದ ಓಡಾಟ. ಕೆಲಸ ಮಾಡುತ್ತಿರುವವರಿಗೆ ಸೇರಿದ ಪತ್ರ, ಬಿಟ್ಟ ಪತ್ರ, ಸಂಬಳದ ಚೀಟಿ ಬೇಕು. ಅರ್ಜಿಯಲ್ಲಿ 26 ತಿಂಗಳ ಅನುಭವ ಎಂದು ಬರೆದು ಕಾಗದದಲ್ಲಿ 24 ಬಂದರೆ, ಆ ಎರಡು ತಿಂಗಳು ಸೀಟನ್ನೇ ಕಳೆಯಬಹುದು.

ಅರ್ಜಿಯೇ ಪ್ರಶ್ನೆಪತ್ರಿಕೆ

ಸಂದರ್ಶನ ಸಾಮಾನ್ಯವಾಗಿ 15ರಿಂದ 25 ನಿಮಿಷ. ಎದುರಿಗೆ ಇಬ್ಬರೋ ಮೂವರೋ ಇರುತ್ತಾರೆ. ಪ್ರಾಧ್ಯಾಪಕರ ಜೊತೆ ಕೆಲವೊಮ್ಮೆ ಹಳೆಯ ವಿದ್ಯಾರ್ಥಿಯೊಬ್ಬರು ಕೂತಿರುತ್ತಾರೆ. ಅವರ ಕೈಯಲ್ಲಿರುವುದು ನೀವೇ ತುಂಬಿದ ಅರ್ಜಿ. ನಿಮ್ಮ ಬಗ್ಗೆ ಅವರಿಗೆ ಬೇರೇನೂ ಗೊತ್ತಿಲ್ಲ, ಹಾಗಾಗಿ ಪ್ರಶ್ನೆ ಹುಟ್ಟುವುದು ಅದರಿಂದಲೇ. ಕೋಚಿಂಗ್ ಸೆಂಟರ್ ಕೊಟ್ಟ ಇನ್ನೂರು ಪ್ರಶ್ನೆಗಳ ಪಟ್ಟಿಯನ್ನು ಉರುಹೊಡೆಯುವ ಮೊದಲು ಅರ್ಜಿಯ ಎರಡು ಪ್ರಿಂಟ್ ತೆಗೆದುಕೊಳ್ಳಿ. ಒಂದು ಪ್ರತಿಯಲ್ಲಿ ಪ್ರತಿ ಸಾಲಿನ ಪಕ್ಕ ಮೂರು ಪ್ರಶ್ನೆ ಬರೆಯಿರಿ. ಮೊದಲನೆಯದು ಯಾರಾದರೂ ಕೇಳುವಂಥದ್ದು, ಎರಡನೆಯದು ಆ ಉತ್ತರದಿಂದ ಹುಟ್ಟುವುದು, ಮೂರನೆಯದು ನಿಮಗೆ ಕಷ್ಟವಾಗುವುದು.

ಹವ್ಯಾಸದ ಕಾಲಂನಲ್ಲಿ ಕಬಡ್ಡಿ ಎಂದು ಬರೆದಿದ್ದೀರಿ ಎನ್ನಿ. ಯಾವ ಜಾಗದಲ್ಲಿ ಆಡುತ್ತೀರಿ ಎಂಬುದು ಮೊದಲ ಪ್ರಶ್ನೆ. ಅಂಕಣದ ಅಳತೆ ಎಷ್ಟು, ಒಂದು ರೇಡಿಗೆ ಎಷ್ಟು ಹೊತ್ತು ಎಂಬುದು ಎರಡನೆಯದು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ರೇಡಿಗೆ 30 ಸೆಕೆಂಡು. ಹಳ್ಳಿಯ ಆಟ ಟಿವಿಯ ಲೀಗ್ ಆಗಿದ್ದರಿಂದ ಹಳ್ಳಿಯ ಆಟಗಾರನಿಗೆ ಏನು ಸಿಕ್ಕಿತು ಎಂಬುದು ಮೂರನೆಯದು. ಮೂರನೆಯ ಪ್ರಶ್ನೆಗೆ ಸರಿ ಉತ್ತರ ಎಂಬುದಿಲ್ಲ. ನೀವು ಯೋಚಿಸಿದ್ದೀರಾ ಎಂದು ಅವರು ನೋಡುತ್ತಾರೆ. ಪುಸ್ತಕ ಓದುವುದು ಎಂದು ಬರೆದವರು ಕೊನೆಯದಾಗಿ ಓದಿದ ಎರಡು ಪುಸ್ತಕಗಳ ಬಗ್ಗೆ ಹತ್ತು ನಿಮಿಷ ಮಾತಾಡಬಲ್ಲರಾದರೆ ಮಾತ್ರ ಆ ಸಾಲು ಅಲ್ಲಿರಲಿ. ಕನ್ನಡ ಪುಸ್ತಕವಾದರೂ ಅಡ್ಡಿಯಿಲ್ಲ. ಅದರ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ ಅಭ್ಯಾಸ ಮಾಡಿಕೊಂಡಿದ್ದರೆ ಸಾಕು.

ಕಡಿಮೆ ಅಂಕ, ಬ್ಯಾಕ್‌ಲಾಗ್, ಒಂದು ವರ್ಷದ ಗ್ಯಾಪ್ ಇವನ್ನು ಕೇಳಿಯೇ ಕೇಳುತ್ತಾರೆ. ಉತ್ತರ ಮೂರು ವಾಕ್ಯದಲ್ಲಿರಲಿ: ಏನಾಯಿತು, ಯಾಕಾಯಿತು, ಆಮೇಲೆ ಏನು ಮಾಡಿದಿರಿ. ‘ದ್ವಿತೀಯ ಪಿಯುಸಿಯಲ್ಲಿ ಗಣಿತದಲ್ಲಿ 48 ಬಂತು. ಇಂಗ್ಲಿಷ್ ಮಾಧ್ಯಮಕ್ಕೆ ಆಗಷ್ಟೇ ಬಂದಿದ್ದೆ, ಪಾಠ ಹಿಡಿಯಲು ತಡವಾಯಿತು. ಪದವಿಯಲ್ಲಿ ಅಂಕಿಅಂಶ ವಿಷಯವನ್ನು ಬೇಕೆಂದೇ ಆರಿಸಿಕೊಂಡು 82 ತೆಗೆದೆ’ ಎಂದರೆ ಮುಗಿಯಿತು. ಉಪನ್ಯಾಸಕರು ಸರಿಯಾಗಿ ಪಾಠ ಮಾಡಲಿಲ್ಲ, ಮನೆಯಲ್ಲಿ ತೊಂದರೆ ಇತ್ತು ಎಂದು ಐದು ನಿಮಿಷ ವಿವರಿಸಿದರೆ, ಕೇಳುವವರ ಮನಸ್ಸಿನಲ್ಲಿ ಕಡಿಮೆ ಅಂಕವೊಂದೇ ಉಳಿಯುತ್ತದೆ.

ಪದವಿಯ ವಿಷಯ ಬಿಡುವಂತಿಲ್ಲ. ಎಂಬಿಎಗೆ ಹೋಗುವವನಿಗೆ ಹಳೆಯ ಪಾಠ ಯಾಕೆ ಎಂದು ಅನೇಕರಿಗೆ ಅನಿಸುತ್ತದೆ. ಮೂರು ವರ್ಷ ಓದಿದ್ದನ್ನೇ ಮರೆತವರು ಮುಂದಿನ ಎರಡು ವರ್ಷ ಏನು ಕಲಿತಾರು ಎಂಬುದು ಎದುರಿಗಿದ್ದವರ ಲೆಕ್ಕ. ಬಿಕಾಂನವರು ಸವಕಳಿಯ ಎರಡು ವಿಧಾನ, ದುಡಿಯುವ ಬಂಡವಾಳ, ಲಾಭ ಬರುತ್ತಿದ್ದರೂ ಕೈಯಲ್ಲಿ ನಗದಿಲ್ಲದಿರುವುದು ಹೇಗೆ, ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆ ಜಮಾ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹೇಗೆ ನಡೆಯುತ್ತದೆ ಇವನ್ನು ಪೆನ್ನು ಕಾಗದ ಹಿಡಿದು ಬಿಡಿಸಿ ತೋರಿಸುವಷ್ಟು ಕಲಿತಿರಲಿ. ಎಂಜಿನಿಯರಿಂಗ್‌ನವರು ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ತಾವೇ ಮಾಡಿದ ಭಾಗ ಯಾವುದು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇಷ್ಟದ ವಿಷಯ ಯಾವುದೆಂದು ಕೇಳಿದರೆ ಎರಡು ವಿಷಯಗಳ ಹೆಸರು ಹೇಳುವಂತಿರಲಿ. ಆ ಎರಡನ್ನು ಮಾತ್ರ ಆಳಕ್ಕೆ ಓದಿದರೂ ಸಾಕು.

ಎಂಬಿಎ ಯಾಕೆ

ಈ ಪ್ರಶ್ನೆಗೆ ಉತ್ತರವನ್ನು ಬರೆದೇ ಸಿದ್ಧಮಾಡಿ, ಆದರೆ ಬಾಯಿಪಾಠ ಮಾಡಬೇಡಿ. ಈಗ ಎಲ್ಲಿದ್ದೀರಿ, ಮುಂದೆ ಎಲ್ಲಿಗೆ ಹೋಗಬೇಕು, ನಡುವೆ ಏನು ಕೊರತೆ, ಅದನ್ನು ಈ ಓದು ಹೇಗೆ ತುಂಬುತ್ತದೆ ಎಂಬ ನಾಲ್ಕು ಅಂಶ ಬಂದರೆ ಉತ್ತರ ನಿಲ್ಲುತ್ತದೆ. ‘ನಾಯಕತ್ವ ಗುಣ ಬೆಳೆಸಿಕೊಳ್ಳಲು’ ಎಂಬ ಮಾತು ನಿಮ್ಮ ಮುಂಚೆ ಬಂದ ಎಂಟು ಜನರೂ ಹೇಳಿ ಹೋಗಿರುತ್ತಾರೆ.

ಮನೆಯವರು ಮಂಡಿ ವ್ಯಾಪಾರದಲ್ಲಿರುವ ಒಬ್ಬ ಅಭ್ಯರ್ಥಿ ಹೀಗೆ ಹೇಳಬಹುದು: ಮೂರು ವರ್ಷದಿಂದ ಮಂಡಿಯ ಲೆಕ್ಕ ನೋಡುತ್ತಿದ್ದೇನೆ. ರೈತರಿಗೆ ಅಂದೇ ದುಡ್ಡು ಕೊಡಬೇಕು, ಹೊರರಾಜ್ಯದ ಖರೀದಿದಾರರಿಂದ ಬರುವುದು ವಾರಗಳ ಮೇಲೆ. ಈ ಅಂತರಕ್ಕೆ ನಾವು ಕೈಸಾಲ ಮಾಡುತ್ತೇವೆ. ಸಾಗಣೆ ಮತ್ತು ಹಣಕಾಸನ್ನು ಶಾಸ್ತ್ರೀಯವಾಗಿ ಕಲಿತು ಕೃಷಿ ಉತ್ಪನ್ನಗಳ ಪೂರೈಕೆ ಕಂಪನಿಯಲ್ಲಿ ಕೆಲಸ ಮಾಡಬೇಕು ಎಂಬುದು ನನ್ನ ಉದ್ದೇಶ. ಇದರಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಆದರೆ ಮುಂದಿನ ಐದು ಪ್ರಶ್ನೆಗಳು ಆ ಅಭ್ಯರ್ಥಿಗೆ ಗೊತ್ತಿರುವ ಜಾಗದಲ್ಲೇ ಬರುತ್ತವೆ.

‘ಹಾಗಾದರೆ ಮನೆ ವ್ಯಾಪಾರಕ್ಕೇ ಯಾಕೆ ಹೋಗಬಾರದು?’ ಎಂಬ ಮರುಪ್ರಶ್ನೆಗೂ ಉತ್ತರ ಇರಬೇಕು. ಅದು ಬಾರದೆ ಇರುವುದಿಲ್ಲ.

ನಿಮ್ಮ ಊರು

ಕೋಲಾರದಿಂದ ಬಂದಿದ್ದೀರಿ ಎಂದ ತಕ್ಷಣ ಚಿನ್ನ, ಟೊಮೆಟೊ, ನೀರು ಈ ಮೂರರಲ್ಲಿ ಒಂದು ಬಂದೇ ಬರುತ್ತದೆ. ನಗರದ ಅಭ್ಯರ್ಥಿಗೆ ಇಲ್ಲದ ಅನುಕೂಲ ಇದು. ಎದುರಿಗಿರುವ ಪ್ರಾಧ್ಯಾಪಕರಿಗಿಂತ ನಿಮಗೆ ಹೆಚ್ಚು ಗೊತ್ತಿರಬಹುದಾದ ಏಕೈಕ ವಿಷಯ ನಿಮ್ಮ ಊರು. ಆದರೂ ಬಹಳ ಜನ ‘ಕೋಲಾರ ಚಿನ್ನದ ನಾಡು, ರೇಷ್ಮೆ, ಹಾಲಿಗೆ ಹೆಸರುವಾಸಿ’ ಎಂದು ಹೇಳಿ ನಿಲ್ಲಿಸಿಬಿಡುತ್ತಾರೆ. ಆ ಅವಕಾಶ ಹಾಗೆ ಕೈತಪ್ಪುವುದು ಬೇಸರದ ಸಂಗತಿ.

ಟೊಮೆಟೊವನ್ನೇ ತೆಗೆದುಕೊಳ್ಳಿ. ಕೋಲಾರದ ಎಪಿಎಂಸಿಯಲ್ಲಿ ಹರಾಜು ನಡೆಯುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ತಿಂಗಳು ದೇಶದ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಏರಿತು. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಮೇಲಿನ ಮಿತಿ ಶೇ 6. ಆದರೂ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) ಅದು ಶೇ 6.5ರಲ್ಲೇ ಬಿಟ್ಟಿತು. ಯಾಕೆ? ಬಡ್ಡಿ ಏರಿಸಿದರೆ ಗಿಡದಲ್ಲಿ ಕಾಯಿ ಹೆಚ್ಚಾಗುವುದಿಲ್ಲ. ಬೆಲೆ ಏರಿದ್ದು ಪೂರೈಕೆಯ ಕೊರತೆಯಿಂದ, ಅದು ಒಂದು ಬೆಳೆಯ ಅವಧಿಯಲ್ಲಿ ತಾನಾಗಿ ಇಳಿಯುವಂಥದ್ದು. ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 5.02ಕ್ಕೆ ಇಳಿಯಿತು. ನಾಟಿಯಿಂದ ಮೊದಲ ಕೊಯ್ಲಿಗೆ ಎರಡು ತಿಂಗಳ ಮೇಲೆ ಬೇಕು. ಬೆಲೆ ಕಂಡು ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಕಾಯಿ ಬರುವ ಹೊತ್ತಿಗೆ ಬೆಲೆ ಬಿದ್ದಿರುತ್ತದೆ, ರಸ್ತೆಗೆ ಸುರಿಯುವ ದಿನಗಳು ಬರುತ್ತವೆ. ಹಣದುಬ್ಬರ, ಹಣಕಾಸು ನೀತಿ, ಬೆಲೆ ಚಕ್ರ ಮೂರನ್ನೂ ನೀವು ಮಾರುಕಟ್ಟೆಯ ಒಂದು ಬಾಕ್ಸಿನಿಂದ ವಿವರಿಸಿದ ಹಾಗಾಯಿತು. ‘ಹಾಗಾದರೆ ಕೆಚಪ್ ಕಾರ್ಖಾನೆ ಹಾಕಬಹುದಲ್ಲ?’ ಎಂದು ಕೇಳುತ್ತಾರೆ. ಇಲ್ಲಿ ಬೆಳೆಯುವುದು ಹೆಚ್ಚಾಗಿ ದೂರದ ಊರಿಗೆ ಸಾಗಿಸಲು ತಾಳುವ, ಅಡುಗೆಗೆ ಬಳಸುವ ತಳಿ. ಸಂಸ್ಕರಣೆಗೆ ಬೇಕಾದದ್ದು ಗಟ್ಟಿ ಅಂಶ ಹೆಚ್ಚಿರುವ ತಳಿ. ಬೆಲೆ ಬಿದ್ದ ದಿನ ಮಾತ್ರ ಕಾರ್ಖಾನೆಗೆ ಕಳಿಸುತ್ತೇವೆಂದರೆ ಕಾರ್ಖಾನೆ ವರ್ಷವಿಡೀ ನಡೆಯುವುದಿಲ್ಲ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 2018-19ರ ಕೇಂದ್ರ ಬಜೆಟ್‌ನಲ್ಲಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಘೋಷಣೆಯಾಗಿತ್ತು ಎಂಬುದೂ ನೆನಪಿರಲಿ.

ಕೆಜಿಎಫ್ ಬಗ್ಗೆ ಮಾತು ಬಂದರೆ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು ಎಂಬಲ್ಲಿಗೆ ನಿಲ್ಲಿಸಬೇಡಿ. ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದ ಗಣಿಯಲ್ಲಿ ಅದಿರಿನ ಗುಣಮಟ್ಟ ಇಳಿದು, ತೆಗೆಯುವ ಖರ್ಚು ಚಿನ್ನದ ಅಂದಿನ ಬೆಲೆಯನ್ನು ಮೀರಿತ್ತು. ಈಗ ಚಿನ್ನದ ಬೆಲೆ ಎಷ್ಟೋ ಪಟ್ಟು ಏರಿದೆ, ಹಾಗಾದರೆ ಮತ್ತೆ ತೆರೆಯಬಹುದೇ? ನೀರು ತುಂಬಿದ ಸುರಂಗ, ಸುರಕ್ಷತೆ, ಹೊಸ ಬಂಡವಾಳ ಒಂದು ಕಡೆ. ನೆಲದ ಮೇಲೇ ಇರುವ, ಅದಿರಿನಿಂದ ಚಿನ್ನ ತೆಗೆದ ಮೇಲೆ ಸುರಿದ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಆಲೋಚನೆ ಇನ್ನೊಂದು ಕಡೆ. ಎರಡರ ಖರ್ಚಿನ ಸ್ವರೂಪ ಬೇರೆ ಎಂದು ಬಿಡಿಸಿ ಹೇಳಿದರೆ ಸಾಕು, ತೀರ್ಪು ಕೊಡಲೇಬೇಕೆಂದಿಲ್ಲ.

2018ರಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾದ ಕೆ.ಸಿ. ವ್ಯಾಲಿ ಯೋಜನೆ, 2020ರ ಡಿಸೆಂಬರ್‌ನಲ್ಲಿ ನರಸಾಪುರದ ಫೋನ್ ಜೋಡಣೆ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಆದ ಗಲಭೆ, 2023ರಲ್ಲಿ ಆ ಕಾರ್ಖಾನೆ ವಿಸ್ಟ್ರಾನ್‌ನಿಂದ ಟಾಟಾ ಸಮೂಹಕ್ಕೆ ಕೈಬದಲಾದದ್ದು, ಇವಕ್ಕೂ ತಲಾ ಒಂದು ಪುಟದ ಟಿಪ್ಪಣಿ ಮಾಡಿ. ನೀರಿನ ವಿಷಯದಲ್ಲಿ ಎರಡೂ ಕಡೆಯ ಮಾತು ಗೊತ್ತಿರಲಿ: ಅಂತರ್ಜಲ ಏರಿತು ಎನ್ನುವವರು ಒಂದು ಕಡೆ, ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತ ಬೇಕು ಎನ್ನುವವರು ಇನ್ನೊಂದು ಕಡೆ. ಚಿಕ್ಕಬಳ್ಳಾಪುರದವರಾದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ತುಮಕೂರಿನವರಾದರೆ ತಿಪಟೂರಿನ ಕೊಬ್ಬರಿ ಮತ್ತು ರೈತರ ಜಮೀನನ್ನು ಗುತ್ತಿಗೆಗೆ ಪಡೆದು ಕಟ್ಟಿದ ಪಾವಗಡದ ಸೌರ ಪಾರ್ಕ್ ಇದೇ ರೀತಿಯಲ್ಲಿ ಓದಿಕೊಳ್ಳಬೇಕಾದ ವಿಷಯಗಳು.

ಅಂದಾಜಿನ ಲೆಕ್ಕ

‘ಕೋಲಾರ ನಗರದಲ್ಲಿ ದಿನಕ್ಕೆ ಎಷ್ಟು ಲೀಟರ್ ಹಾಲು ಖರ್ಚಾಗುತ್ತದೆ?’ ಎಂಬಂಥ ಪ್ರಶ್ನೆಗೆ ಗಾಬರಿಯಾಗಿ ಒಂದು ಸಂಖ್ಯೆ ಎಸೆಯಬೇಡಿ. ಕಾಗದ ಕೇಳಿ ತೆಗೆದುಕೊಂಡು ಗಟ್ಟಿಯಾಗಿ ಹೇಳುತ್ತಾ ಲೆಕ್ಕ ಹಾಕಿ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 1.38 ಲಕ್ಷ. ಈಗ 1.8 ಲಕ್ಷ ಎಂದು ಇಟ್ಟುಕೊಳ್ಳೋಣ. ಮನೆಗೆ ನಾಲ್ಕೂವರೆ ಜನ ಎಂದರೆ 40,000 ಮನೆ. ಮನೆಗೆ ಮುಕ್ಕಾಲು ಲೀಟರ್ ಎಂದರೆ 30,000 ಲೀಟರ್. ಹೋಟೆಲ್, ಬೇಕರಿ, ಟೀ ಅಂಗಡಿಗೆ ಅದರ ಐದನೇ ಒಂದು ಭಾಗ, 6,000. ಒಟ್ಟು 36,000 ಲೀಟರ್. ಕೊನೆಗೆ ತಾಳೆ ನೋಡಿ: ತಲೆಗೆ 200 ಮಿ.ಲೀ., ನಂಬುವಂತಿದೆ. ಈ ತಾಳೆ ನೋಡುವ ಹೆಜ್ಜೆಯನ್ನು ಮರೆಯುವವರೇ ಹೆಚ್ಚು, ಅಂಕ ತರುವುದೂ ಅದೇ.

ಸುದ್ದಿ ಓದುವುದು, ಬರೆಯುವುದು

ಸಂದರ್ಶನದ ಹೊತ್ತಿಗೆ ಫೆಬ್ರವರಿ 1ರ ಬಜೆಟ್ ಬಂದಿರುತ್ತದೆ. ವಿತ್ತೀಯ ಕೊರತೆಯ ಗುರಿ, ಬಂಡವಾಳ ವೆಚ್ಚ, ಆದಾಯ ತೆರಿಗೆಯ ಬದಲಾವಣೆ ಈ ಮೂರು ಬಾಯಲ್ಲಿರಲಿ. ಜೊತೆಗೆ ನಿಮ್ಮ ಕ್ಷೇತ್ರಕ್ಕೆ ಸಂಬಂಧಿಸಿದ ಒಂದು ಘೋಷಣೆ ಆರಿಸಿಕೊಳ್ಳಿ. ದಿನಕ್ಕೆ ಒಂದು ಇಂಗ್ಲಿಷ್ ಪತ್ರಿಕೆ, ಒಂದು ಕನ್ನಡ ಪತ್ರಿಕೆ, ಮುಕ್ಕಾಲು ಗಂಟೆ ಸಾಕು.

ಪ್ರಬಂಧಕ್ಕೆ ಸಾಮಾನ್ಯವಾಗಿ 15ರಿಂದ 30 ನಿಮಿಷ, 250-300 ಪದ. 20 ನಿಮಿಷವಾದರೆ ನಾಲ್ಕು ನಿಮಿಷ ಯೋಚನೆಗೆ, ಹದಿಮೂರು ಬರೆಯಲು, ಮೂರು ತಿದ್ದಲು ಇಡಿ. ನಿಲುವು ಮೊದಲ ಪ್ಯಾರಾದಲ್ಲೇ ಬರಲಿ. ಎರಡು ಕಾರಣ, ಒಂದು ಉದಾಹರಣೆ, ಎದುರು ವಾದಕ್ಕೆ ಒಂದು ಉತ್ತರ ಇದ್ದರೆ ಪ್ರಬಂಧ ತುಂಬುತ್ತದೆ. ವಾರಕ್ಕೆ ಮೂರು ಬರೆದು, ಇಂಗ್ಲಿಷ್ ಬಲ್ಲ ಉಪನ್ಯಾಸಕರಿಂದ ಕೆಂಪು ಪೆನ್ನು ಹಾಕಿಸಿ.

ಬಾಯಿ ತಿರುಗುವುದಕ್ಕೆ

ಕನ್ನಡ ಮಾಧ್ಯಮದಿಂದ ಬಂದವರಿಗೆ ಭಯ ಇಂಗ್ಲಿಷಿನದು. ಸಂದರ್ಶಕರು ಉಚ್ಚಾರಕ್ಕೆ ಸೀಟು ಕೊಡುವುದಿಲ್ಲ, ಆದರೆ ನೀವು ಹೇಳಿದ್ದು ಅವರಿಗೆ ಅರ್ಥವಾಗಲೇಬೇಕು. ಮನಸ್ಸಿನಲ್ಲಿ ಉದ್ದದ ಕನ್ನಡ ವಾಕ್ಯ ಕಟ್ಟಿ ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋದಾಗಲೇ ನಾಲಗೆ ತೊಡರುವುದು. ಎಂಟು-ಹತ್ತು ಪದದ ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ದಿನಕ್ಕೆ ಎರಡು ಉತ್ತರ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೊಮ್ಮೆ ಮಾಡಿ. ನಿಮ್ಮ ಪರಿಚಯ 60ರಿಂದ 90 ಸೆಕೆಂಡಿಗೆ ಮುಗಿಯಬೇಕು. ನಿಮಿಷಕ್ಕೆ ಸುಮಾರು 120 ಪದದ ವೇಗ ಸಾಕು.

ಕನಿಷ್ಠ ಐದು ಅಣಕು ಸಂದರ್ಶನ ಕೊಡಿ. ಅದರಲ್ಲಿ ಎರಡನ್ನಾದರೂ ಪರಿಚಯವಿಲ್ಲದವರ ಎದುರು ಕೊಡಿ: ಬ್ಯಾಂಕ್ ಮ್ಯಾನೇಜರ್, ಬೇರೆ ಕಾಲೇಜಿನ ಉಪನ್ಯಾಸಕರು, ಎಂಬಿಎ ಮುಗಿಸಿದ ಊರಿನ ಅಕ್ಕನೋ ಅಣ್ಣನೋ ಯಾರಾದರೂ ಆಗಬಹುದು. ಅವರ ಕೈಗೆ ನಿಮ್ಮ ಅರ್ಜಿ ಕೊಟ್ಟು ‘ಸರ್, ಇದರಲ್ಲಿ ನಿಮಗೆ ಅನುಮಾನ ಬಂದ ಕಡೆಯೆಲ್ಲ ಕೇಳಿ’ ಎನ್ನಿ. ಗೆಳೆಯರ ಮುಂದೆ ಮಾತ್ರ ಅಭ್ಯಾಸ ಮಾಡಿದವರು ಮರುಪ್ರಶ್ನೆಗೆ ಒಗ್ಗಿರುವುದಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೂ ಅಭ್ಯಾಸ ಬೇಕು. ಮಾಹಿತಿಯ ಪ್ರಶ್ನೆಯಾದರೆ ‘ಕ್ಷಮಿಸಿ ಸರ್, ಗೊತ್ತಿಲ್ಲ’ ಎಂದರೆ ಮುಗಿಯಿತು. ಯೋಚನೆಯ ಪ್ರಶ್ನೆಯಾದರೆ ಹಾಗೆ ಕೈಚೆಲ್ಲಬಾರದು. ಅರ್ಧ ನಿಮಿಷ ಕೇಳಿ ಪ್ರಯತ್ನಿಸಿ. ಒಂದು ಸುಳ್ಳನ್ನು ಹಿಡಿದರೆ ಅದಕ್ಕೂ ಮೊದಲು ಹೇಳಿದ ನಿಜಗಳನ್ನೂ ಅನುಮಾನಿಸುತ್ತಾರೆ. ಕೆಲವರು ಬೇಕೆಂದೇ ಕೆಣಕುತ್ತಾರೆ, ನಿಮ್ಮ ಕಾಲೇಜಿನ ಹೆಸರೇ ಕೇಳಿಲ್ಲ ಎನ್ನುತ್ತಾರೆ. ದನಿ ಏರಿಸದೆ, ಕಾಲೇಜನ್ನೂ ಬೈಯದೆ, ಅಲ್ಲಿ ಕಲಿತ ಒಂದು ಸಂಗತಿ ಹೇಳಿ.

ಆ ದಿನ

ಬೆಂಗಳೂರು ಐಐಎಂ ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ. ಕೋಲಾರದಿಂದ ಬೆಂಗಳೂರು 70 ಕಿ.ಮೀ. ಆಸುಪಾಸು. ಆದರೆ ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ದಾಟುವುದಕ್ಕೆ ಬೆಳಿಗ್ಗೆ ಎಷ್ಟು ಹೊತ್ತಾದೀತು ಎಂದು ಹೇಳಲಾಗದು. ಬೆಳಗಿನ ಸರದಿ ಇದ್ದರೆ ಹಿಂದಿನ ಸಂಜೆಯೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ತಿಳಿಬಣ್ಣದ ಪೂರ್ಣ ತೋಳಿನ ಅಂಗಿ, ಕಡುಬಣ್ಣದ ಪ್ಯಾಂಟು, ಸೀರೆ ಅಥವಾ ಚೂಡಿದಾರ್ ಯಾವುದಾದರೂ ಸರಿ, ಒಮ್ಮೆ ತೊಟ್ಟು ಕೂತು ನೋಡಿರಬೇಕು. ಹೊಸ ಶೂ ಅಂದೇ ಹಾಕಬೇಡಿ. ಮೂಲ ದಾಖಲೆ ಒಂದು ಫೈಲಿನಲ್ಲಿ, ಎರಡು ಸೆಟ್ ಜೆರಾಕ್ಸ್ ಇನ್ನೊಂದರಲ್ಲಿ, ಕಾಲ್ ಲೆಟರ್‌ನಲ್ಲಿ ಹೇಳಿದ ಕ್ರಮದಲ್ಲೇ ಇರಲಿ.

ಆನ್‌ಲೈನ್ ಸಂದರ್ಶನವಾದರೆ ಕರೆಂಟ್ ನಂಬಬೇಡಿ. ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್, ಎರಡು ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್, ಬೆಳಕು ಮುಖದ ಮೇಲೆ ಬೀಳುವ ಜಾಗ ಇವು ಬೇಕು. ಹಳ್ಳಿಯಲ್ಲಿ ನೆಟ್‌ವರ್ಕ್ ಎಳೆಯದಿದ್ದರೆ ಕಾಲೇಜಿನ ಒಂದು ಕೋಣೆ ಕೇಳಿಕೊಳ್ಳಿ.

ಹೊರಗೆ ಬಂದ ಕೂಡಲೇ, ಊರಿನ ಬಸ್ಸಿನಲ್ಲಿ ಕೂತೇ, ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡಿ. ರಾತ್ರಿಯಾದರೆ ಅರ್ಧ ಮರೆತುಹೋಗುತ್ತದೆ. ಮುಂದಿನ ಸಂದರ್ಶನಕ್ಕೆ ಅದಕ್ಕಿಂತ ಒಳ್ಳೆಯ ಟಿಪ್ಪಣಿ ಇಲ್ಲ. ಅಂತಿಮ ಪಟ್ಟಿ ಬಂದಮೇಲೆ ಒಪ್ಪಿಗೆ ಶುಲ್ಕ ಕಟ್ಟಲು ಕೆಲವೇ ದಿನ ಕೊಡುತ್ತಾರೆ, ಹಣವನ್ನು ಮೊದಲೇ ಹೊಂದಿಸಿಕೊಳ್ಳಿ. ವೇಟಿಂಗ್ ಲಿಸ್ಟಿನಲ್ಲಿದ್ದವರಿಗೆ ಹಲವು ವಾರ ಸುತ್ತಿನ ಮೇಲೆ ಸುತ್ತು ಕರೆ ಬರುತ್ತಿರುತ್ತದೆ. ಅರ್ಜಿಯಲ್ಲಿ ಕೊಟ್ಟ ಫೋನ್ ನಂಬರ್ ಬದಲಿಸಬೇಡಿ, ಇಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯನ್ನೂ ದಿನಕ್ಕೊಮ್ಮೆ ತೆರೆದು ನೋಡಿ.